ಕಾದಂಬರಿಯ ಮೊದಲ ಓದುಗರು ಮತ್ತು ಸಾಹಿತ್ಯ ಏಜೆಂಟರು

ಕೇಳುಗರಿಗೆ ನಮಸ್ಕಾರ.

ಮೊದಲ ಕಾದಂಬರಿಯ ಕರಡನ್ನು ಬರೆದು ಮುಗಿಸಿದವರಲ್ಲಿ ಎರಡು ಅವಸರಗಳು ಒಟ್ಟಿಗೇ ಹುಟ್ಟುತ್ತವೆ: ಬರೆದದ್ದು ಹೇಗಿದೆ ಎಂದು ಯಾರಾದರೂ ಹೇಳಬೇಕು, ಅದನ್ನು ಪ್ರಕಾಶಕರ ಬಳಿಗೆ ಒಯ್ಯುವ ಏಜೆಂಟರೊಬ್ಬರು ಸಿಗಬೇಕು. ಅನೇಕರು ಇವೆರಡನ್ನೂ ಒಂದೇ ಕೆಲಸವೆಂದು ಭಾವಿಸಿ, ಕರಡನ್ನು ನೇರವಾಗಿ ಏಜೆಂಟರಿಗೆ ಕಳುಹಿಸಿ, ಅಭಿಪ್ರಾಯವನ್ನೂ ಅವರಿಂದಲೇ ನಿರೀಕ್ಷಿಸುತ್ತಾರೆ. ಅಲ್ಲಿಂದ ಬರುವುದು ಬಹುಪಾಲು ಎಲ್ಲರಿಗೂ ಕಳುಹಿಸುವ ಎರಡು ಸಾಲಿನ ಉತ್ತರ, ಇಲ್ಲವೇ ಮೌನ. ಇದನ್ನು ಕಠೋರತೆ ಎನ್ನಲಾಗದು; ಏಜೆಂಟರ ವರಮಾನ ಮಾರಾಟವಾದ ಕೃತಿಗಳಿಂದ ಬರುತ್ತದೆಯೇ ಹೊರತು ಓದಿ ಬದಿಗಿಟ್ಟ ಹಸ್ತಪ್ರತಿಗಳಿಂದಲ್ಲ. ಒಮ್ಮೆ ಬೇಡವೆಂದ ಹಸ್ತಪ್ರತಿಯನ್ನು ಅವರು ಮತ್ತೆ ತೆರೆದು ನೋಡುವುದೂ ಅಪರೂಪ. ಆದ್ದರಿಂದ ಅಭಿಪ್ರಾಯ ಪಡೆದು ತಿದ್ದುವ ಕೆಲಸ ಏಜೆಂಟರನ್ನು ಹುಡುಕುವುದಕ್ಕೆ ಮೊದಲೇ ಮುಗಿದಿರಬೇಕು.

ಈ ಕೆಲಸಕ್ಕೆ ಮನೆಯವರು ಒದಗುವುದು ಕಡಿಮೆ, ಅವರ ಪ್ರೀತಿಯೇ ಅಡ್ಡ ಬರುತ್ತದೆ. ನೀವು ಬರೆಯುವ ಬಗೆಯ ಕಾದಂಬರಿಗಳನ್ನು ತಾವಾಗಿಯೇ ಹುಡುಕಿ ಓದುವವರು ಬೇಕು. ಪತ್ತೇದಾರಿ ಕಥೆಯನ್ನು ಅಂಥ ಕಥೆಗಳ ಅಭ್ಯಾಸವಿಲ್ಲದವರಿಗೆ ಕೊಟ್ಟರೆ ಆ ಪ್ರಕಾರದ ಸಹಜ ಲಕ್ಷಣಗಳೇ ಅವರಿಗೆ ದೋಷಗಳಾಗಿ ಕಾಣುತ್ತವೆ. ನಿಮಗೆ ಬೇಕಾದಂಥ ಓದುಗರು ನಾಲ್ಕೈದು ಮಂದಿ ಸಿಕ್ಕರೂ ಎಲ್ಲರಿಗೂ ಒಮ್ಮೆಲೇ ಹಂಚಬಾರದು. ಒಬ್ಬ ಓದುಗ ಒಂದು ಕೃತಿಯನ್ನು ಮೊದಲ ಸಲ ಓದುವುದು ಒಮ್ಮೆ ಮಾತ್ರ. ತಿದ್ದಿದ ಪ್ರತಿಯನ್ನು ಓದುವಾಗ ಹಳೆಯದರ ನೆನಪು ಅವನ ಕಣ್ಣನ್ನು ಆಳುತ್ತಿರುತ್ತದೆ. ಇಬ್ಬರಿಗೆ ಈಗ ಕೊಟ್ಟು, ಉಳಿದವರನ್ನು ಮುಂದಿನ ಕರಡಿಗೆ ಉಳಿಸಿಕೊಳ್ಳುವುದು ಜಾಣತನ.

‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು, ಎಲ್ಲಿ ಓದು ನಿಲ್ಲಿಸಿ ಎದ್ದಿರಿ, ಎಲ್ಲಿ ಹಿಂದಿನ ಪುಟಗಳನ್ನು ತಿರುವಿ ನೋಡಬೇಕಾಯಿತು, ಯಾವ ಪಾತ್ರ ಯಾರೆಂಬುದು ಮರೆತುಹೋಯಿತು ಎಂದು ಕೇಳಬೇಕು. ಇಂಥ ಉತ್ತರಗಳಲ್ಲಿ ತೀರ್ಪಿಲ್ಲ, ಓದಿನಲ್ಲಿ ನಡೆದದ್ದರ ವರದಿಯಿದೆ. ಇಬ್ಬರೂ ನಲವತ್ತನೆಯ ಪುಟದ ಆಸುಪಾಸಿನಲ್ಲಿ ಬೇಸರಪಟ್ಟಿದ್ದರೆ ಆ ಬೇಸರ ನಿಜ. ಆದರೆ ಅದರ ಕಾರಣ ಆ ಪುಟದಲ್ಲೇ ಇರಬೇಕಾಗಿಲ್ಲ, ಇಪ್ಪತ್ತನೆಯ ಪುಟದಲ್ಲಿ ಹುಟ್ಟಬೇಕಾಗಿದ್ದ ಕುತೂಹಲ ಹುಟ್ಟದೇ ಹೋದದ್ದರಲ್ಲಿರಬಹುದು. ಅದನ್ನು ಹುಡುಕುವುದು ಲೇಖಕರ ಕೆಲಸ. ಓದುಗರು ಸೂಚಿಸುವ ಪರಿಹಾರವನ್ನು ಹಾಗೆಯೇ ಒಪ್ಪಬೇಕೆಂದೇನೂ ಇಲ್ಲ, ಆದರೆ ಅವರು ಹೇಳುವಾಗ ನಡುವೆ ಬಾಯಿ ಹಾಕಿ ಸಮರ್ಥಿಸಿಕೊಳ್ಳಲೂಬಾರದು. ಬಾಯಲ್ಲಿ ವಿವರಿಸಬೇಕಾಗಿ ಬಂದ ಸಂಗತಿ ಪುಟದ ಮೇಲೆ ಇಲ್ಲವೆಂದೇ ಅರ್ಥ.

ಇನ್ನು ಏಜೆಂಟರ ವಿಚಾರ. ಈ ವೃತ್ತಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್ನಿನಲ್ಲಿ ನೆಲೆಗೊಂಡಿತು, ಎ. ಪಿ. ವಾಟ್ ಅವರನ್ನು ಮೊದಲ ಸಾಹಿತ್ಯ ಏಜೆಂಟರೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಎಲ್ಲ ಭಾಷೆಗಳ ಪ್ರಕಾಶನದಲ್ಲೂ ಈ ವ್ಯವಸ್ಥೆ ಇಲ್ಲ. ಇಂಗ್ಲಿಷ್ ಪ್ರಕಾಶನದಲ್ಲಿ ಅದು ಎಷ್ಟು ಬೇರೂರಿದೆಯೆಂದರೆ ಹಲವು ದೊಡ್ಡ ಪ್ರಕಾಶಕರು ಏಜೆಂಟರಿಲ್ಲದೆ ಬಂದ ಹಸ್ತಪ್ರತಿಯನ್ನು ನೋಡುವುದೇ ಇಲ್ಲ. ಏಜೆಂಟರ ಕಮಿಷನ್ ಸಾಮಾನ್ಯವಾಗಿ ಲೇಖಕರ ಗಳಿಕೆಯ ಶೇಕಡಾ 15. ವಿದೇಶಿ ಹಾಗೂ ಅನುವಾದದ ಹಕ್ಕುಗಳಿಗೆ, ಅಲ್ಲಿನ ಏಜೆಂಟರೊಂದಿಗೆ ಹಂಚಿಕೊಳ್ಳಬೇಕಾದ್ದರಿಂದ, ಶೇಕಡಾ 20. ಹಸ್ತಪ್ರತಿಯನ್ನು ಓದುವುದಕ್ಕೇ ಶುಲ್ಕ ಕೇಳುವವರಿಂದ ದೂರವಿರಬೇಕು.

ನಿಮ್ಮ ಬರವಣಿಗೆಗೆ ಹತ್ತಿರವಾದ ಇತ್ತೀಚಿನ ಕಾದಂಬರಿಗಳ ಕೃತಜ್ಞತೆಯ ಪುಟಗಳನ್ನು ಓದಿದರೆ ಏಜೆಂಟರ ಹೆಸರುಗಳು ತಾವಾಗಿಯೇ ಸಿಗುತ್ತವೆ. ಮೊದಲ ಕಾದಂಬರಿಯಾದರೆ ಅದು ಪೂರ್ಣಗೊಂಡಿರಬೇಕು. ಒಂದು ಪುಟದ ಪರಿಚಯ ಪತ್ರ, ಅಂತ್ಯವನ್ನೂ ಬಚ್ಚಿಡದ ಕಥಾಸಾರ, ಆರಂಭದ ಕೆಲವು ಅಧ್ಯಾಯಗಳು, ಇಷ್ಟನ್ನು ಕೇಳುವುದು ರೂಢಿ. ಆದರೆ ಪ್ರತಿ ಏಜೆಂಟರ ನಿಯಮವೂ ತುಸು ಬೇರೆಯಾಗಿರುವುದರಿಂದ ಅದನ್ನು ಓದಿಯೇ ಕಳುಹಿಸಬೇಕು. ಕೆಲವರಿಗಷ್ಟೇ ಮೊದಲು ಕಳುಹಿಸಿ ಕಾದು ನೋಡುವುದರಿಂದ ಒಂದು ಲಾಭವಿದೆ. ಯಾರೂ ಪೂರ್ಣ ಹಸ್ತಪ್ರತಿಯನ್ನು ಕೇಳದಿದ್ದರೆ ಪತ್ರವನ್ನೋ ಮೊದಲ ಪುಟಗಳನ್ನೋ ಮತ್ತೆ ತಿದ್ದಬೇಕಾಗಿರಬಹುದು. ಕೇಳಿ ಓದಿದ ಹಲವರು ಬೇಡವೆಂದರೆ ತೊಡಕು ಇನ್ನೂ ಒಳಗಿದೆ. ವಿವರಣೆಯಿಲ್ಲದ ನಿರಾಕರಣೆಗಳನ್ನು ಒಟ್ಟಾಗಿ ನೋಡಿದಾಗ ಅವೂ ಅಭಿಪ್ರಾಯವೇ ಆಗುತ್ತವೆ.

ಯಾರಾದರೂ ಒಪ್ಪಿದರೆ ಕೂಡಲೇ ಹೂಂ ಎನ್ನದೆ, ಹಸ್ತಪ್ರತಿ ಇನ್ನೂ ಯಾರ ಬಳಿ ಇದೆಯೋ ಅವರಿಗೆಲ್ಲ ತಿಳಿಸಿ, ಉತ್ತರಕ್ಕೆ ಒಂದೆರಡು ವಾರ ಕಾಲಾವಕಾಶ ಕೊಡುವುದು ಸೌಜನ್ಯ. ಆ ಅವಧಿಯಲ್ಲಿ ಏಜೆಂಟರೊಂದಿಗೆ ಮಾತನಾಡಿ, ಕಾದಂಬರಿಯಲ್ಲಿ ಯಾವ ಬದಲಾವಣೆಗಳನ್ನು ಬಯಸುತ್ತಾರೆಂದು ವಿವರವಾಗಿ ಕೇಳಿಕೊಳ್ಳಿ. ಅವರ ಸಲಹೆಗಳು ನಿಮ್ಮ ಕಾದಂಬರಿಯನ್ನು ಬಿಟ್ಟು ಬೇರೊಂದನ್ನೇ ಬರೆಸುವಂತಿದ್ದರೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬೇಡವೆನ್ನಬಹುದು. ಸಹಿ ಹಾಕುವುದಾದರೆ, ಒಪ್ಪಂದದಿಂದ ಹೊರಬರಲು ಎಷ್ಟು ದಿನಗಳ ಮುಂಚೆ ತಿಳಿಸಬೇಕು, ಹೊರಬಂದ ಮೇಲೂ ಯಾವ ಕೃತಿಗಳ ಕಮಿಷನ್ ಅವರಿಗೆ ಸಲ್ಲುತ್ತಿರುತ್ತದೆ ಎಂಬ ಎರಡು ಷರತ್ತುಗಳನ್ನು ನಿಧಾನವಾಗಿ ಓದಿ.