ಆ ಗ್ಯಾಪ್‌ಗೆ ವೈಟ್ ಸಿಮೆಂಟ್ ಮೆತ್ತೋರೇ, ಒಂದ್ನಿಮಿಷ ನಿಲ್ಲಿ

ನಮಸ್ಕಾರ, ನಮಸ್ಕಾರ. ಇವತ್ತು ಸ್ಕರ್ಟಿಂಗ್ ಬಗ್ಗೆ ಮಾತಾಡೋದು ಅಂತಿತ್ತು. ಆದ್ರೆ ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್: "ಗುರು, ಹಾಲ್ ಟೈಲ್‌ಗೂ ರೂಮ್ ಲ್ಯಾಮಿನೇಟ್‌ಗೂ ನಡುವೆ ಪಟ್ಟಿ ಯಾಕೆ? ಒಂದು ಕೆಜಿ ವೈಟ್ ಸಿಮೆಂಟ್ ತಂದು ಮೆತ್ತಿದ್ರೆ ಮುಗೀತು." ಅದಕ್ಕೆ ಲೈಕ್ ಬೇರೆ ಒತ್ತಿದಾರೆ!

ಸ್ವಾಮಿ, ಆ ಗ್ಯಾಪ್ ಖಾಲಿ ಇರ್ಬೇಕು. ಮೇಸ್ತ್ರಿ ಮರೆತು ಬಿಟ್ಟಿದ್ದಲ್ಲ ಅದು.

ಆಷಾಢದಲ್ಲಿ ನಿಮ್ಮನೆ ಬಾಗಿಲು ಹಿಡ್ಕೊಳುತ್ತೋ ಇಲ್ವೋ? ಲ್ಯಾಮಿನೇಟ್ ಹೊಟ್ಟೆಯಲ್ಲಿರೋದೂ ಮರದ ನಾರು ಒತ್ತಿ ಮಾಡಿದ ಹಲಗೆನೇ. ಮಳೆಗಾಲದ ತೇವಕ್ಕೆ ಹಿಗ್ಗುತ್ತೆ, ಮಾರ್ಚ್ ಬಿಸಿಲಿಗೆ ಕುಗ್ಗುತ್ತೆ. ಟೈಲ್ ಅಲ್ಲಾಡಲ್ಲ. ನಡುವೆ ಸಿಮೆಂಟ್ ತುಂಬಿದ್ರೆ ಹಲಗೆ ಎಲ್ಲಿಗೆ ಹೋಗ್ಬೇಕು? ಮೇಲಕ್ಕೆ. ರೂಮ್ ಮಧ್ಯೆ ಗೂನು ಬೆನ್ನು ಏಳುತ್ತೆ, ಜಾಯಿಂಟ್ ಲಾಕ್ ಮುರಿಯುತ್ತೆ. ಲಾಕ್ ಮುರಿದ ಹಲಗೆ ಅಂಟು ಹಾಕಿದ್ರೂ ಸರಿಯಾಗಿ ಕೂರಲ್ಲ, ಬದಲಾಯಿಸ್ಲೇಬೇಕು.

ಅಂದ್ರೆ ಪಟ್ಟಿ ಅನ್ನೋದು ಪಾತ್ರೆ ಮುಚ್ಚಳ ಇದ್ದ ಹಾಗೆ. ಮುಚ್ಚುತ್ತೆ, ಹಿಡ್ಕೊಳಲ್ಲ.

ಈಗ ಅಂಗಡಿಗೆ ಹೋಗ್ತೀರ, ಬಣ್ಣ ನೋಡಿ ತರ್ತೀರ. ವಾಲ್‌ನಟ್ ಚೆನ್ನಾಗಿದೆ, ಗೋಲ್ಡ್ ಚೆನ್ನಾಗಿದೆ ಅಂತ. ಅಗಲ ಯಾರು ನೋಡ್ತಾರೆ? ಲೆಕ್ಕ ಹಾಕಿ. ಟಿ ಪಟ್ಟಿ ಅಂದ್ರೆ ಇಂಗ್ಲಿಷ್ T ಆಕಾರದ್ದು: ಮೇಲೆ ಎರಡೂ ಕಡೆ ಚಾಚಿದ ರೆಕ್ಕೆ, ನಡುವೆ ಗ್ಯಾಪ್‌ಗೆ ಇಳಿಯೋ ಕಾಲು. ಆ ಕಾಲು 4 ಮಿಮೀ ದಪ್ಪ ಅಂತಿಟ್ಕೊಳಿ. ಟೈಲ್ ಕಡೆ 2, ಲ್ಯಾಮಿನೇಟ್ ಕಡೆ 10 ಬಿಟ್ರೆ ಗ್ಯಾಪ್ ಒಟ್ಟು 16. ಕಾಲು ಟೈಲ್ ಪಕ್ಕದಲ್ಲಿ ನಿಂತಿರುತ್ತೆ, ಗ್ಯಾಪ್ ನಡುವೆ ಅಲ್ಲ. ಹಾಗಾಗಿ 30 ಮಿಮೀ ಅಗಲದ ಪಟ್ಟಿ ಲ್ಯಾಮಿನೇಟ್ ಮೇಲೆ ಬರೀ 3 ಮಿಮೀ ಕೂರುತ್ತೆ. ಬೇಸಿಗೆಯಲ್ಲಿ ಹಲಗೆ ಕುಗ್ಗಿದ್ರೆ ಅಂಚು ಕಾಣುತ್ತೆ. 40 ತಂದ್ರೆ 8 ಮಿಮೀ ಸಿಗುತ್ತೆ. 40 ತಗೊಳಿ.

ಕೂರಿಸುವಾಗ ಸಿಲಿಕಾನ್ ಕಾಲಿನ ಬುಡಕ್ಕೆ, ಇಲ್ಲಾ ಟೈಲ್ ಕಡೆ ರೆಕ್ಕೆ ಅಡಿಗೆ. ಲ್ಯಾಮಿನೇಟ್ ಕಡೆ ಒಂದು ಹನಿಯೂ ಬೇಡ. ಸ್ಕ್ರೂ ಪಟ್ಟಿ ಆದ್ರೂ ಅಷ್ಟೇ: 6 ಮಿಮೀ ಬಿಟ್, ಪ್ಲಗ್ಗು, ಕೆಳಗಿನ ಕಾಂಕ್ರೀಟ್‌ಗೆ ಮಾತ್ರ. ಹಲಗೆ ತೂತು ಮಾಡಿ ಬಿಗಿದ್ರೆ ವೈಟ್ ಸಿಮೆಂಟ್‌ಗೂ ನಿಮಗೂ ಏನು ವ್ಯತ್ಯಾಸ? ಇನ್ನು ಡಬಲ್ ಟೇಪ್ ಪಟ್ಟಿ! ದಿನಾ ನೆಲ ಒರೆಸೋ ಮನೇಲಿ ಅದರ ಆಯಸ್ಸು ನೀವೇ ಊಹಿಸಿ.

"ನಮ್ಮದು ಹಳೇ ಟೈಲ್ ಮೇಲೇನೇ ಲ್ಯಾಮಿನೇಟ್" ಅನ್ನೋರು ಕೇಳಿ. 8 ಮಿಮೀ ಹಲಗೆ, ಅದರಡಿ ಹಾಸೋ 2 ಮಿಮೀ ಫೋಮ್, ರೂಮ್ ಹಾಲ್‌ಗಿಂತ 10 ಮಿಮೀ ಎತ್ತರ. ಅಲ್ಲಿ ಟಿ ಹಾಕಿದ್ರೆ ವಾಲುತ್ತೆ, ಕಾಲಿಟ್ಟಾಗೆಲ್ಲ ಟಕ್ ಟಕ್. ಟಿ ಇರೋದು 2–3 ಮಿಮೀ ವ್ಯತ್ಯಾಸದವರೆಗೆ. ಅದಕ್ಕಿಂತ ಜಾಸ್ತಿ ಆದ್ರೆ ಇಳಿಜಾರಿನ ಪಟ್ಟಿ, ರೆಡ್ಯೂಸರ್ ಅಂತಾರೆ. ಕೊಳ್ಳೋಕೆ ಮೊದಲು ಫೋಮ್, ಹಲಗೆ ತುಂಡು, ಪಟ್ಟಿ ಒಂದರ ಮೇಲೊಂದು ಇಟ್ಟು ಬಾಗಿಲು ಎಳೆದು ನೋಡಿ. ಉಜ್ಜಿದ್ರೆ ಬಡಗಿಯನ್ನ ಫ್ಲೋರಿಂಗ್‌ಗೆ ಮೊದಲೇ ಕರೀರಿ, ಆಮೇಲಲ್ಲ. ಮತ್ತೆ ಅಲ್ಲೂ, ರೆಡ್ಯೂಸರ್ ಅಡಿಯಲ್ಲೂ, ಗ್ಯಾಪ್ ಖಾಲಿ. ಕೇಳಿಸ್ತಾ? ಖಾಲಿ.

ಇಷ್ಟೊತ್ತು ಕೇಳಿ ಇನ್ನೂ ಸಬ್‌ಸ್ಕ್ರೈಬ್ ಆಗಿಲ್ವಾ? ನಿಮ್ಮಲ್ಲೂ ಗ್ಯಾಪ್ ಇದೆ ಕಣ್ರೀ.

"ಎಸ್‌ಪಿಸಿ ನೀರು ಕುಡಿಯಲ್ವಲ್ಲ?" ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ ಅದು, ಕುಡಿಯಲ್ಲ. ಆದ್ರೆ ಬಾಲ್ಕನಿ ಬಾಗಿಲ ಬಿಸಿಲಿಗೆ ಹಿಗ್ಗುತ್ತೆ. ಪ್ಯಾಕೆಟ್ ಮೇಲೆ ಕಂಪನಿಯವರು ಬರೆದಷ್ಟು ಜಾಗ ಬಿಡಿ.

"ಪಟ್ಟಿ ಕಾಣುತ್ತೆ, ಲುಕ್ ಹಾಳು." ಬಾಗಿಲು ಮುಚ್ಚಿದಾಗ ಅದರ ಅಡಿಗೇ ಬರೋ ಹಾಗೆ ಕೂರಿಸಿ, ಯಾವ ರೂಮಿಂದಲೂ ಎದ್ದು ಕಾಣಲ್ಲ. ನೆಲದ ಮೇಲೆ ಬಿದ್ದು ಹುಡುಕೋ ಅತಿಥಿ ಬಂದ್ರೆ ಕಾಫಿ ಕೊಡ್ಬೇಡಿ.

"ಪಕ್ಕದ್ಮನೇಲಿ ಸಿಮೆಂಟೇ ಹಾಕಿದಾರೆ, ಏನೂ ಆಗಿಲ್ಲ." ಅವರ ಮನೆ ಮಂಚದಡಿ ಇಣುಕಿ ನೋಡಿದೀರಾ? ಇಲ್ಲ ತಾನೆ? ಮುಗೀತು! ಯಾಕೆ ಬೇಡ ಅಂದ್ರೆ... ಬೇಡ ಅಂದ್ರೆ ಬೇಡ ರೀ! ತಂದಿರೋ ವೈಟ್ ಸಿಮೆಂಟ್ ಇದ್ರೆ ತುಳಸಿ ಕಟ್ಟೆಗೆ ಬಳೀರಿ, ಪುಣ್ಯ ಬರುತ್ತೆ.

ಬಾತ್‌ರೂಮ್ ಬಾಗಿಲಿಗೆ ಈ ಪಟ್ಟಿ ಯಾವುದೂ ಆಗಲ್ಲ, ಅಲ್ಲಿ ಗ್ರಾನೈಟ್ ಹೊಸ್ತಿಲೇ. ಡ್ರಿಲ್ ಅಂತೂ ಹಿಡೀಬೇಡಿ, ಕೆಳಗೆ ಪೈಪ್ ಇರ್ಬಹುದು. ಅದು ಮುಂದಿನ ವಿಡಿಯೋ. ಬೆಲ್ ಒತ್ತಿ. ಆ ಕಾಮೆಂಟ್ ಹಾಕಿದ ಅಣ್ಣ ಎರಡು ಸಲ ಒತ್ತಿ.