ಜೋನಾ ಲೋಮು ಓಡಿದ ಓಟ

ಕೇಳುಗರೇ, ನಮಸ್ಕಾರ.

ರಗ್ಬಿ ನಮ್ಮ ಕಡೆ ಜಾಸ್ತಿ ಜನ ನೋಡುವ ಆಟವಲ್ಲ. ಆದರೆ ಕಬಡ್ಡಿ ನೋಡಿದವರಿಗೆ ಅದರ ಗುಟ್ಟು ಬೇಗ ಸಿಗುತ್ತದೆ. ಗೆರೆಯ ಕಡೆ ನುಗ್ಗುವವನನ್ನು ಹಿಡಿದು ಕೆಡವಬೇಕು, ಅವನು ಕೊಸರಿಕೊಂಡು ಗೆರೆ ದಾಟಬೇಕು. ಇಲ್ಲಿ ಅವನ ಕೈಯಲ್ಲೊಂದು ಮೊಟ್ಟೆಯಾಕಾರದ ಚೆಂಡು ಇರುತ್ತದೆ, ಅಷ್ಟೇ. ಗೆರೆಯಾಚೆ ಅದನ್ನು ನೆಲಕ್ಕೆ ಒತ್ತಿದರೆ ‘ಟ್ರೈ’. ಐದು ಅಂಕ.

ಇವತ್ತು ನಾನು ಹೇಳಹೊರಟಿರುವುದು ನ್ಯೂಜಿಲೆಂಡಿನ ಜೋನಾ ಲೋಮು ಬಗ್ಗೆ. 1975ರಲ್ಲಿ ಆಕ್ಲೆಂಡಿನಲ್ಲಿ ಹುಟ್ಟಿದವರು, ತಂದೆತಾಯಿ ಟೋಂಗಾ ದ್ವೀಪದವರು. ಆರೂವರೆ ಅಡಿಗೆ ಒಂದಿಂಚು ಕಡಿಮೆ ಎತ್ತರ, ನೂರಹದಿನೈದು ಕೆ.ಜಿ. ದಾಟಿದ ತೂಕ. ಇಷ್ಟು ದೊಡ್ಡ ಆಳು ನೂರು ಮೀಟರನ್ನು ಹನ್ನೊಂದು ಸೆಕೆಂಡಿನೊಳಗೆ ಓಡುತ್ತಿದ್ದರು! ಹತ್ತೊಂಬತ್ತಕ್ಕೇ ದೇಶದ ತಂಡ ಆಲ್ ಬ್ಲ್ಯಾಕ್ಸ್ ಸೇರಿದರು.

1995ರ ಜೂನ್ 18. ಕೇಪ್‌ಟೌನ್, ವಿಶ್ವಕಪ್ ಸೆಮಿಫೈನಲ್, ಎದುರಿಗೆ ಇಂಗ್ಲೆಂಡ್. ಆಟ ಆಗಷ್ಟೇ ಶುರುವಾಗಿದೆ. ಲೋಮುಗೆ ಬಂದ ಪಾಸ್ ಸರಿಯಾಗಿಲ್ಲ. ಚೆಂಡು ಪುಟಿದು ಅವರ ಹಿಂದಕ್ಕೆ ಹೋಯಿತು. ತಿರುಗಿ ಹಿಡಿದರು. ಮೊದಲು ಅಡ್ಡ ಬಂದವನನ್ನು ಬಳಸಿಕೊಂಡು ಮುಂದೆ ಹೋದರು. ಎರಡನೆಯವನು ಹಿಂದಿನಿಂದ ಹಾರಿ ಕಾಲಿಗೆ ಕೈ ಹಾಕಿದ. ಲೋಮು ಎಡವಿದರು, ಇನ್ನೇನು ಬಿದ್ದೇಬಿಟ್ಟರು ಅನ್ನಬೇಕು. ಬೀಳಲಿಲ್ಲ. ಎದುರಿಗೆ ಉಳಿದದ್ದು ಮೈಕ್ ಕ್ಯಾಟ್ ಒಬ್ಬರೇ. ಅವರನ್ನು ತಪ್ಪಿಸಲೂ ಹೋಗಲಿಲ್ಲ, ನೇರ ಅವರ ಮೈಮೇಲೇ ಹಾದು ಗೆರೆ ಮುಟ್ಟಿಬಿಟ್ಟರು. ಅವತ್ತು ಲೋಮು ಒಬ್ಬರದ್ದೇ ನಾಲ್ಕು ಟ್ರೈ. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಅವರನ್ನು ಕಟ್ಟಿಹಾಕಿತು, ಕಪ್ ಕೈತಪ್ಪಿತು.

ಅಲ್ಲಿಯವರೆಗೆ ರಗ್ಬಿ ಯೂನಿಯನ್, ಅಂದರೆ ನಾನು ಹೇಳುತ್ತಿರುವ ಈ ಬಗೆಯ ರಗ್ಬಿ, ಆಡಿ ಸಂಬಳ ಪಡೆಯುವ ಹಾಗಿರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಆ ನಿಯಮ ಹೋಯಿತು. ಹೊಸ ವೃತ್ತಿಪರ ಆಟದ ಮೊದಲ ದೊಡ್ಡ ತಾರೆ ಲೋಮು.

ದುರದೃಷ್ಟ ನೋಡಿ, ಅದೇ ವರ್ಷದ ಕೊನೆಗೆ ಅವರಿಗೆ ಕಿಡ್ನಿ ಕಾಯಿಲೆ ಇರುವುದು ಗೊತ್ತಾಯಿತು. ನೆಫ್ರೋಟಿಕ್ ಸಿಂಡ್ರೋಮ್. ಕಿಡ್ನಿಯ ಜರಡಿ ಹಾಳಾಗಿ, ಮೈಯಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಮೈ ಊದುತ್ತದೆ, ಸುಸ್ತು ಬಿಡುವುದಿಲ್ಲ. ಆ ಮೈಯನ್ನೇ ಇಟ್ಟುಕೊಂಡು 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ ಹೊಡೆದರು. 2000ದಲ್ಲಿ ಸಿಡ್ನಿಯಲ್ಲಿ ಲಕ್ಷಕ್ಕೂ ಮೀರಿದ ಜನರ ಮುಂದೆ, ಕೊನೆಯ ಗಳಿಗೆಯಲ್ಲಿ ಮೈದಾನದ ಪಕ್ಕದ ಗೆರೆಯ ಅಂಚಿನಲ್ಲೇ ಓಡಿ ಆಸ್ಟ್ರೇಲಿಯಾ ವಿರುದ್ಧ ಪಂದ್ಯ ಗೆಲ್ಲಿಸಿದರು. ನಾವು ಅವರನ್ನು ಪೂರ್ತಿ ಆರೋಗ್ಯದಲ್ಲಿ ನೋಡಲೇ ಇಲ್ಲವೇನೋ ಅಂತ ಯೋಚಿಸಿದಾಗ ನನಗೆ ಸಂಕಟವಾಗುತ್ತದೆ. ಒಟ್ಟು 63 ಟೆಸ್ಟ್, ಅಂದರೆ ದೇಶದ ಪರ ಆಡಿದ ಅಂತರರಾಷ್ಟ್ರೀಯ ಪಂದ್ಯ, 37 ಟ್ರೈ.

2003ರಲ್ಲಿ ಡಯಾಲಿಸಿಸ್ ಶುರುವಾಯಿತು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ ಡಯಾಲಿಸಿಸ್‌ಗೆ ಹೋಗುತ್ತಿದ್ದರೆ ಅದರ ಕಷ್ಟ ನಾನು ಹೇಳಬೇಕಿಲ್ಲ, ಅಲ್ವಾ? ತೋಳಿಗೆ ಸೂಜಿ, ಗಂಟೆಗಟ್ಟಲೆ ಯಂತ್ರದ ಪಕ್ಕ, ಒಂದೆರಡು ದಿನ ಕಳೆದರೆ ಮತ್ತೆ ಅದೇ. ನರಗಳು ಸೋತು, ಒಂದು ಕಾಲಕ್ಕೆ ಇಂಗ್ಲೆಂಡನ್ನೇ ತುಳಿದು ಹೋಗಿದ್ದ ಕಾಲುಗಳಿಗೆ ನಡೆಯುವುದೂ ಕಷ್ಟವಾಯಿತು.

2004ರಲ್ಲಿ ಒಬ್ಬರು ತಮ್ಮ ಒಂದು ಕಿಡ್ನಿ ಕೊಟ್ಟರು. ಅವರ ಹೆಸರು ಗ್ರ್ಯಾಂಟ್ ಕೆರೆಯಾಮಾ. ಸಂಬಂಧಿಯಲ್ಲ, ಗೆಳೆಯ. ವೆಲ್ಲಿಂಗ್ಟನ್ನಿನಲ್ಲಿ ರೇಡಿಯೊ ನಿರೂಪಕ. ಹೀಗೆ ಮೈಕಿನ ಮುಂದೆ ಕೂತು ಮಾತಾಡುವವರಲ್ಲೇ ಒಬ್ಬರು. ಈ ಮಾತನ್ನು ರೇಡಿಯೊದಲ್ಲೇ ಹೇಳಬೇಕು ಅಂತ ನನಗೆ ತುಂಬಾ ದಿನದಿಂದ ಆಸೆಯಿತ್ತು.

ಆ ಕಿಡ್ನಿಯ ಬಲದಲ್ಲಿ ಲೋಮು ಮತ್ತೆ ಬೂಟು ಕಟ್ಟಿದರು. 2005ರಲ್ಲಿ ವೇಲ್ಸ್‌ನ ಕಾರ್ಡಿಫ್ ಬ್ಲೂಸ್ ಸೇರಿದರು. ಹಳೆಯ ವೇಗ ಬರಲಿಲ್ಲ, ಆದರೂ ಆಡಿದರು. ಆಮೇಲೆ ಇಬ್ಬರು ಗಂಡುಮಕ್ಕಳಾದರು. 2011ರಲ್ಲಿ ಆ ಕಿಡ್ನಿಯೂ ಕೈಕೊಟ್ಟಿತು, ಮತ್ತೆ ಡಯಾಲಿಸಿಸ್.

2015ರ ನವೆಂಬರ್ 18ರಂದು ಆಕ್ಲೆಂಡಿನಲ್ಲಿ ತೀರಿಕೊಂಡರು. ವಯಸ್ಸು ನಲವತ್ತು. ಈಡನ್ ಪಾರ್ಕ್ ಮೈದಾನದಲ್ಲಿ ಅವರನ್ನು ಬೀಳ್ಕೊಡುವಾಗ ಹಳೆಯ ಜೊತೆಗಾರರು ತೊಡೆ ತಟ್ಟಿ, ಎದೆ ತುಂಬ ಕೂಗಿ, ಅವರಿಗಾಗಿ ಹಾಕಾ ಮಾಡಿದರು. ಹಾಕಾ ಅಂದರೆ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಕುಣಿತ, ಆಲ್ ಬ್ಲ್ಯಾಕ್ಸ್ ಪಂದ್ಯಕ್ಕೆ ಮುಂಚೆ ಮಾಡುವಂಥದ್ದು.

ನಮಸ್ಕಾರ.