ಗಿಡ ನೆಟ್ಟರೆ ಸಾಲದು, ಕೆಲಸಗಾರರನ್ನು ಕೇಳಿ

ಕೇಳುಗರಿಗೆ ನಮಸ್ಕಾರ. ಫ್ಯಾಕ್ಟರಿ, ಆಫೀಸುಗಳಲ್ಲಿ ಎಚ್‌ಆರ್ ನೋಡಿಕೊಳ್ಳುವವರು ಯಾರಾದರೂ ಕೇಳುತ್ತಿದ್ದರೆ ರೇಡಿಯೊ ಸ್ವಲ್ಪ ಜೋರು ಮಾಡಿ. ನಾನು ಹೇಳುವುದು ಒಂದೇ ಮಾತು. ಪರಿಸರದ ಕಾಳಜಿಯನ್ನು ಜನರ ದಿನದ ಕೆಲಸದೊಳಗೇ ಸೇರಿಸಿ. ಜೂನ್ 5ರ ಪರಿಸರ ದಿನದಂದು ಗಿಡ ನೆಟ್ಟು, ಫೋಟೊ ತೆಗೆಸಿ, ಟೀ ಶರ್ಟ್ ಹಂಚಿದರೆ ಆಗಲಿಲ್ಲ. ಜೂನ್ 6ರಂದು ಮಷೀನಿನ ಮುಂದೆ ನಿಂತವರ ಕೆಲಸದಲ್ಲಿ ಏನು ಬದಲಾಯಿತು? ಅದನ್ನು ಹೇಳಿ.

ನನಗೆ ಬಹಳ ಇಷ್ಟವಾದ ಉದಾಹರಣೆ ಒಂದಿದೆ. ಇಂಟರ್‌ಫೇಸ್ ಅಂತ ಅಮೆರಿಕದ ಕಾರ್ಪೆಟ್ ಕಂಪನಿ. ಅದನ್ನು ಕಟ್ಟಿದ ರೇ ಆಂಡರ್ಸನ್, ಭೂಮಿಗೆ ಹಾನಿಯಾಗದಂತೆ ಕಾರ್ಪೆಟ್ ಮಾಡಬೇಕು ಅಂತ 1994ರಲ್ಲಿ ಹಟ ಹಿಡಿದರು. ಮುಂದೆ ಶಾಂಘೈನಲ್ಲಿ ಹೊಸ ಫ್ಯಾಕ್ಟರಿ ಬಂತು. ಅಲ್ಲಿನ ಒಂದು ವಿಭಾಗಕ್ಕೆ 14 ಪಂಪು ಬೇಕಿತ್ತು. ಹೊರಗಿನ ದೊಡ್ಡ ತಜ್ಞರು ಲೆಕ್ಕ ಹಾಕಿ, ಎಲ್ಲ ಸೇರಿ 95 ಎಚ್‌ಪಿ ಮೋಟರ್ ಬೇಕು ಎಂದರು. ಕಂಪನಿಯದೇ ಎಂಜಿನಿಯರ್ ಯಾನ್ ಸ್ಖಿಲ್ಹಾಮ್ ಅದೇ ನಕ್ಷೆಯನ್ನು ಮತ್ತೆ ನೋಡಿದರು. ಮಾಮೂಲಿ ಸಣ್ಣ ಪೈಪು, ಸುತ್ತಿ ಬಳಸಿ ಹೋಗುವ ದಾರಿ. ಅವರು ಮಾಡಿದ್ದು ಎರಡೇ. ಪೈಪು ದಪ್ಪ ಮಾಡಿದರು. ಮೊದಲು ಪೈಪನ್ನು ನೇರವಾಗಿ ಎಳೆದು, ಆಮೇಲೆ ಯಂತ್ರಗಳನ್ನು ಅದಕ್ಕೆ ತಕ್ಕಂತೆ ಕೂರಿಸಿದರು. ತೋಟಕ್ಕೆ ಪಂಪ್‌ಸೆಟ್ ಹಾಕಿಸಿದವರಿಗೆ ಇದು ಗೊತ್ತೇ ಇರುತ್ತದೆ, ಬೆಂಡು ಜಾಸ್ತಿಯಾದಷ್ಟೂ ಮೋಟರಿಗೆ ಭಾರ ಅಲ್ವಾ? 95 ಎಚ್‌ಪಿ ಇದ್ದದ್ದು 7ಕ್ಕೆ ಇಳಿಯಿತು! ಕಟ್ಟುವ ಖರ್ಚೂ ಕಡಿಮೆಯಾಯಿತು, ಕೆಲಸವೂ ಮೊದಲಿಗಿಂತ ಚೆನ್ನಾಗಿ ನಡೆಯಿತು. ಈ ವಿದ್ಯೆಯನ್ನು ಸ್ಖಿಲ್ಹಾಮ್ ಕಲಿತದ್ದು ಸಿಂಗಪುರದ ಲೀ ಎಂಗ್ ಲಾಕ್ ಎಂಬ ತಜ್ಞರಿಂದ. ಕಲಿತದ್ದನ್ನು ಕೆಲಸಕ್ಕೆ ಹಾಕಲು ಕಂಪನಿ ಬಿಟ್ಟಿತು, ಅದು ಮುಖ್ಯ.

ಈ ಕತೆ ಹೇಳುತ್ತಾ ಕೂತರೆ ನನಗೆ ಸಮಯ ಗೊತ್ತಾಗುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ. ಅಮೆರಿಕದ್ದೇ ಇನ್ನೊಂದು ಕಂಪನಿ 3ಎಂ, 1975ರಲ್ಲೇ ಮಾಲಿನ್ಯ ತಡೆಯುವ ಉಪಾಯಗಳನ್ನು ತನ್ನ ನೌಕರರಿಂದಲೇ ಕೇಳಿತು. ಕೇಳಿದರೆ ಜನ ಹೇಳುತ್ತಾರೆ. ತಾವು ಹೇಳಿದ್ದು ನಡೆದರೆ ಕೆಲಸದ ಮೇಲೆ ಅಕ್ಕರೆ ಹುಟ್ಟುತ್ತದೆ, ಕೆಲಸ ತಾನಾಗಿ ಸುಧಾರಿಸುತ್ತದೆ.

ಹಾಗಾಗಿ ನೌಕರರ ಕೆಲಸ ಅಳೆಯುವ ಈ ಸಲದ ಅಪ್ರೈಸಲ್ ಫಾರ್ಮಿನಲ್ಲಿ ಒಂದು ಸಾಲು ಸೇರಿಸಿ: 'ನಿಮ್ಮ ಕೆಲಸದಲ್ಲಿ ಕರೆಂಟು, ನೀರು, ಸಾಮಾನು ಎಲ್ಲಿ ದಂಡವಾಗುತ್ತಿದೆ?' ಸುಮ್ನೆ ಕೇಳಿ ಬಿಡಬೇಡಿ. ಸರಿಪಡಿಸಲು ಶಿಫ್ಟಿನೊಳಗೇ ಸಮಯ ಕೊಡಿ, ಉಳಿದ ದುಡ್ಡಿನಲ್ಲಿ ಪಾಲು ಕೊಡಿ. ಗುತ್ತಿಗೆ ಕೆಲಸಗಾರರನ್ನೂ ಕೇಳಿ. ಯಂತ್ರಗಳಿಗೆ ಗಾಳಿ ಒಯ್ಯುವ ಪೈಪು ಎಲ್ಲಿ ಸೋರುತ್ತಿದೆ ಅಂತ ಮೊದಲು ಗೊತ್ತಾಗುವುದು ಅವರಿಗೇ. ನಮಸ್ಕಾರ.